ಹೆಸರು ಅಳಿಸಿದರೆ ಸಾಲದು: ಸಾರ್ವಜನಿಕ ಡೇಟಾದ ಸಂಶೋಧನೆಯನ್ನು ಹಂಚಿಕೊಳ್ಳುವ ಬಗೆ

ಸಂಶೋಧನೆ ಮುಗಿದಿದೆ, ವರದಿ ಬರೆದಾಗಿದೆ, ಇನ್ನು ಡೇಟಾ ಹಂಚಿಕೊಳ್ಳೋಣ ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಫೈಲ್‌ನ 412ನೇ ಸಾಲಿನಲ್ಲಿ ಯಾರಿದ್ದಾರೆ?

ಹೆಚ್ಚಿನವರು ಆ ಸಾಲನ್ನು ತೆರೆದು ನೋಡಿರುವುದೇ ಇಲ್ಲ. ಸರಾಸರಿ ಗೊತ್ತಿರುತ್ತದೆ, ಗ್ರಾಫ್ ಗೊತ್ತಿರುತ್ತದೆ. ಆದರೆ ಆ ಒಂದು ಸಾಲು ಒಬ್ಬ ಮನುಷ್ಯನದು. ಆಸ್ಪತ್ರೆಗೆ ಹೋದವರದು, ಶಾಲೆ ಬಿಟ್ಟ ಮಗುವಿನದು, ದೂರು ಕೊಟ್ಟವರದು. ಯಾವುದನ್ನು ಹಂಚಬೇಕು, ಯಾವುದನ್ನು ಬಿಡಬೇಕು ಎಂದು ನಾವು ತೀರ್ಮಾನ ಮಾಡುವಾಗ ಅವರು ನಮ್ಮ ಜೊತೆ ಕೂತಿರುವುದಿಲ್ಲ. ಅವರ ಪರವಾಗಿ ಯೋಚಿಸುವ ಹೊಣೆ ನಮ್ಮ ಮೇಲೇ ಬೀಳುತ್ತದೆ. ಡೇಟಾ ಗವರ್ನೆನ್ಸ್ ಎಂಬ ಭಾರವಾದ ಹೆಸರಿನ ಒಳಗಿರುವುದೂ ಇದೇ. ಡೇಟಾ ಯಾರ ಕೈಯಲ್ಲಿರಬೇಕು, ಯಾವ ಕೆಲಸಕ್ಕೆ ಬಳಸಬಹುದು, ತಪ್ಪಾದರೆ ಯಾರು ಉತ್ತರ ಕೊಡಬೇಕು ಎಂಬ ತೀರ್ಮಾನಗಳು.

ಹಾಗಂತ ಹಂಚಲೇಬೇಡಿ ಎಂದು ಹೇಳುತ್ತಿಲ್ಲ. ಮುಚ್ಚಿಟ್ಟರೆ ಆಗುವ ಹಾನಿಯೂ ಸಣ್ಣದಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಲೇಖನ ಬರೆದರು. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅದು ಹೇಳಿತು. ಸರ್ಕಾರದ ಖರ್ಚಿಗೆ ಕತ್ತರಿ ಹಾಕಬೇಕು ಎನ್ನುತ್ತಿದ್ದ ಹಲವು ರಾಜಕಾರಣಿಗಳಿಗೆ ಅದೇ ಆಧಾರವಾಯಿತು. 2013ರಲ್ಲಿ ಥಾಮಸ್ ಹರ್ಂಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಲೇಖಕರಿಂದಲೇ ಎಕ್ಸೆಲ್ ಫೈಲ್ ಕೇಳಿ ತರಿಸಿಕೊಂಡ. ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಇದರ ಜೊತೆ ಲೆಕ್ಕದ ವಿಧಾನದಲ್ಲಿ ಅವರು ಮಾಡಿದ್ದ ಇನ್ನೆರಡು ಆಯ್ಕೆಗಳನ್ನೂ ಸರಿಮಾಡಿದಾಗ, ಹೆಚ್ಚು ಸಾಲ ಇರುವ ದೇಶಗಳಿಗೆ ಮೈನಸ್ ಶೇ. 0.1 ಎಂದಿದ್ದ ಸರಾಸರಿ ಬೆಳವಣಿಗೆ ಶೇ. 2.2 ಆಯಿತು. ಆ ಫೈಲ್ ಅವನ ಕೈಗೆ ಬರದಿದ್ದರೆ ಈ ತಪ್ಪು ಇನ್ನೆಷ್ಟು ಕಾಲ ಇರುತ್ತಿತ್ತೋ.

ಹಂಚಬೇಕು, ಆದರೆ ಯಾರಿಗೂ ನೋವಾಗಬಾರದು. ಈ ಎರಡನ್ನೂ ಹೊಂದಿಸುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಸಣ್ಣ ತಂಡಗಳನ್ನು, ಒಬ್ಬರೇ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಮೊದಲು ಒಂದು ಪುಟ ಬರೆಯಿರಿ

ಇದು ಡೇಟಾ ಕೈಗೆ ಬಂದ ದಿನವೇ ಆಗಬೇಕಾದ ಕೆಲಸ. ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಈ ಡೇಟಾ ಮೊದಲು ಯಾರು, ಯಾಕೆ ಸಂಗ್ರಹಿಸಿದರು? ಕೊಟ್ಟವರಿಗೆ ಏನು ಹೇಳಿ ತೆಗೆದುಕೊಂಡರು? ನಿಮ್ಮ ಕೈಗೆ ಹೇಗೆ ಬಂತು, ಯಾವ ದಿನ? ನೀವು ಅದರಿಂದ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ?

ಎರಡನೇ ಪ್ರಶ್ನೆಯ ಮೇಲೆ ಜಾಸ್ತಿ ಹೊತ್ತು ಕೂರಿ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಸುಪಾಯ್ ಎಂಬ ಸಣ್ಣ ಬುಡಕಟ್ಟು ಇದೆ. 1990ರಿಂದ ಅರಿಜೋನ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಆ ಜನರ ರಕ್ತದ ಮಾದರಿ ತೆಗೆದುಕೊಂಡರು. ತಮ್ಮವರಲ್ಲಿ ಹೆಚ್ಚುತ್ತಿದ್ದ ಮಧುಮೇಹಕ್ಕೆ ಕಾರಣ ಸಿಗಬಹುದು ಎಂದು ಅವರು ಕೊಟ್ಟರು. ಮುಂದೆ ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಕುರಿತ ಅಧ್ಯಯನಕ್ಕೂ, ಆ ಬುಡಕಟ್ಟಿನವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಎಂದು ಹುಡುಕುವುದಕ್ಕೂ ಬಳಸಲಾಯಿತು. ತಾವು ಆ ಕಣಿವೆಯಲ್ಲೇ ಹುಟ್ಟಿದವರು ಎಂದು ನಂಬಿದ ಜನರಿಗೆ ಅದು ದೊಡ್ಡ ಏಟು. ಪ್ರಕರಣ ಕೋರ್ಟಿಗೆ ಹೋಯಿತು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಡಲು ಒಪ್ಪಿ, ಉಳಿದ ಮಾದರಿಗಳನ್ನು ಹಿಂದಿರುಗಿಸಿತು. ಇಲ್ಲಿ ಮುಖ್ಯ ಸಮಸ್ಯೆ ಹೆಸರು ಸೋರಿದ್ದಲ್ಲ. ಆದರೂ ಅನ್ಯಾಯವಾಯಿತು. ಒಂದು ಮಾತು ಹೇಳಿ ಪಡೆದದ್ದು ಇನ್ನೊಂದಕ್ಕೆ ಬಳಕೆಯಾಯಿತು.

"ಇದು ಆಗಲೇ ಎಲ್ಲರಿಗೂ ಕಾಣುವಂತೆ ಇತ್ತು" ಎಂಬ ಮಾತೂ ಸಾಕಾಗುವುದಿಲ್ಲ. 2016ರಲ್ಲಿ ಇಬ್ಬರು ಮೂವರು ಸಂಶೋಧಕರು ಓಕೆಕ್ಯುಪಿಡ್ ಎಂಬ ಡೇಟಿಂಗ್ ತಾಣದಿಂದ ಸುಮಾರು 70 ಸಾವಿರ ಜನರ ಪ್ರೊಫೈಲ್ ಎಳೆದು ಎಲ್ಲರಿಗೂ ಸಿಗುವಂತೆ ಇಟ್ಟರು. ಬಳಕೆದಾರರು ತಾಣದಲ್ಲಿ ಇಟ್ಟುಕೊಂಡ ಹೆಸರು (ಯೂಸರ್‌ನೇಮ್), ಅವರ ಖಾಸಗಿ ಇಷ್ಟಾನಿಷ್ಟಗಳು ಎಲ್ಲ ಅದರಲ್ಲಿದ್ದವು. ಡೇಟಾ ಆಗಲೇ ಸಾರ್ವಜನಿಕ ಎಂಬುದೇ ಅವರ ಸಮರ್ಥನೆ. ಸಂಗಾತಿ ಹುಡುಕಲು ಬಂದ ಜನ ಒಬ್ಬರಿಗೊಬ್ಬರು ಹೇಳಿಕೊಂಡದ್ದು, ಒಂದೇ ಕಡತದಲ್ಲಿ ಹುಡುಕಲು ಸಿದ್ಧವಾಗಿ ಸಿಕ್ಕರೆ ಅದು ಬೇರೆಯೇ ವಸ್ತು. ಚದುರಿದ್ದನ್ನು ಒಟ್ಟು ಮಾಡುವುದೇ ಒಂದು ಹೊಸ ಕ್ರಿಯೆ. ಅದಕ್ಕೆ ಹೊಣೆ ಒಟ್ಟು ಮಾಡಿದವರದು.

ಈ ಪುಟದ ಕೆಳಗೆ ನಿಮಗೆ ಅನ್ವಯವಾಗುವ ಕಾನೂನಿನ ಹೆಸರು ಬರೆಯಿರಿ. ವೈಯಕ್ತಿಕ ಡೇಟಾ ರಕ್ಷಣೆಗಾಗಿ ಯುರೋಪ್ ಮಾಡಿದ ಜಿಡಿಪಿಆರ್ ಎಂಬ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆಸರಿನ ಜಾಗದಲ್ಲಿ ಸಂಕೇತ ಹಾಕಿದ ಡೇಟಾ ಕೂಡ ಸಾಮಾನ್ಯವಾಗಿ ವೈಯಕ್ತಿಕ ಡೇಟಾವೇ. ಯಾಕೆಂದರೆ ಸಂಕೇತದ ಪಟ್ಟಿ ಎಲ್ಲೋ ಇರುತ್ತದೆ. ನಿಮ್ಮ ದೇಶದ ಕಾನೂನು ಇಷ್ಟು ಬಿಗಿ ಇಲ್ಲದಿದ್ದರೂ ಈ ಒಂದು ಅಳತೆಯನ್ನು ನಿಮ್ಮದಾಗಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ.

ಎಷ್ಟು ತೆರೆಯಬೇಕು ಎಂದು ತೀರ್ಮಾನಿಸಿ

ಒಂದೋ ಎಲ್ಲರಿಗೂ, ಇಲ್ಲವೋ ಯಾರಿಗೂ ಇಲ್ಲ ಎಂದು ಯೋಚಿಸುವ ಅಭ್ಯಾಸ ಬಿಡಬೇಕು. ನಡುವೆ ಬೇಕಾದಷ್ಟು ಜಾಗ ಇದೆ. ಬಜೆಟ್ ಅಂಕಿಅಂಶ, ಮಳೆಯ ಲೆಕ್ಕ, ಬಸ್ ವೇಳಾಪಟ್ಟಿ ಇವನ್ನು ಪೂರ್ತಿ ತೆರೆದಿಡಿ, ಸುಮ್ನೆ ಬಿಗಿ ಮಾಡಬೇಡಿ. ಮನುಷ್ಯರ ಸಾಲುಗಳಿದ್ದರೆ ಒಟ್ಟು ಲೆಕ್ಕದ ಕೋಷ್ಟಕ ಎಲ್ಲರಿಗೂ, ಸಾಲು ಸಾಲಾದ ಫೈಲ್ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ಎಂದು ಮಾಡಬಹುದು. ಇನ್ನೂ ಸೂಕ್ಷ್ಮವಾದದ್ದಾದರೆ ಫೈಲ್ ಹೊರಗೆ ಹೋಗುವುದೇ ಬೇಡ, ಬೇಕಾದವರು ನಿಮ್ಮ ಕಂಪ್ಯೂಟರ್ ಇರುವಲ್ಲಿಗೇ ಬಂದು ಲೆಕ್ಕ ಮಾಡಿ ಉತ್ತರ ಮಾತ್ರ ಒಯ್ಯಲಿ.

ಇದನ್ನು ತೀರ್ಮಾನಿಸಲು ಬ್ರಿಟನ್ನಿನ ಅಂಕಿಅಂಶ ಕಚೇರಿಯಲ್ಲಿ 2003ರ ಸುಮಾರಿಗೆ ರೂಪುಗೊಂಡ ಒಂದು ಚೌಕಟ್ಟು ಇದೆ. ಅದನ್ನು ಫೈವ್ ಸೇಫ್ಸ್ ಎನ್ನುತ್ತಾರೆ. ಕೆಲಸ ಸರಿಯಾದದ್ದೇ? ಮಾಡುವವರು ನಂಬಿಕಸ್ಥರೇ? ಮಾಡುವ ಜಾಗ ಭದ್ರವೇ? ಡೇಟಾದಲ್ಲಿ ಗುರುತು ಎಷ್ಟು ಉಳಿದಿದೆ? ಹೊರಗೆ ಬರುವ ಫಲಿತಾಂಶದಿಂದ ಯಾರಾದರೂ ಪತ್ತೆಯಾಗುತ್ತಾರೆಯೇ? ಐದನ್ನೂ ಒಟ್ಟಿಗೆ ನೋಡಬೇಕು. ಒಂದರಲ್ಲಿ ಸಡಿಲ ಬಿಟ್ಟರೆ ಇನ್ನೊಂದರಲ್ಲಿ ಬಿಗಿ ಮಾಡಬೇಕು. ಫೈಲ್ ಎಲ್ಲರಿಗೂ ಡೌನ್‌ಲೋಡ್ ಆಗುವಂತೆ ಇಟ್ಟರೆ ಜನರ ಮೇಲೂ, ಜಾಗದ ಮೇಲೂ ನಿಮಗೆ ಹಿಡಿತ ಇರುವುದಿಲ್ಲ. ಆಗ ಪೂರ್ತಿ ಭಾರ ಡೇಟಾವನ್ನು ಸ್ವಚ್ಛ ಮಾಡುವುದರ ಮೇಲೆ ಬೀಳುತ್ತದೆ.

ಗುರುತು ತೆಗೆಯುವುದು

ಇಲ್ಲಿ ಆತುರ ಬೇಡ. ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ.

1990ರ ದಶಕದ ನಡುವೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಸಂಶೋಧನೆಗೆಂದು ಕೊಟ್ಟಿತು. ಹೆಸರು, ವಿಳಾಸ ಎಲ್ಲ ತೆಗೆದಿತ್ತು. ಲತಾನ್ಯ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ರಾಜ್ಯಪಾಲ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಅವರ ಅಂಚೆ ಕೋಡ್‌ನಲ್ಲಿ ಇದ್ದದ್ದು ಒಬ್ಬರೇ. ರಾಜ್ಯಪಾಲರ ವೈದ್ಯಕೀಯ ದಾಖಲೆ ಸ್ವೀನಿ ಅವರ ಕೈಯಲ್ಲಿತ್ತು. ಅಮೆರಿಕದ ಶೇ. 87ರಷ್ಟು ಜನರನ್ನು ಹುಟ್ಟಿದ ದಿನಾಂಕ, ಲಿಂಗ ಮತ್ತು ಅಂಚೆ ಕೋಡ್ ಈ ಮೂರರಿಂದಲೇ ಬೇರೆಯಾಗಿ ಗುರುತಿಸಬಹುದು ಎಂದು ಅವರು ಮುಂದೆ ಲೆಕ್ಕ ಹಾಕಿ ತೋರಿಸಿದರು.

ಅಂದರೆ ಹೆಸರು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ, ಮನುಷ್ಯ ಅಲ್ಲೇ ಇರುತ್ತಾನೆ. ನೀವು ಹುಡುಕಬೇಕಾದದ್ದು ಒಂದೊಂದಾಗಿ ಸಾಮಾನ್ಯವಾಗಿದ್ದು, ಸೇರಿದಾಗ ಒಬ್ಬರನ್ನೇ ತೋರಿಸುವ ಕಾಲಂಗಳನ್ನು. ವಯಸ್ಸು, ಲಿಂಗ, ಊರು, ಕೆಲಸ, ಮಕ್ಕಳ ಸಂಖ್ಯೆ, ಆಸ್ಪತ್ರೆಗೆ ಸೇರಿದ ದಿನ. ಇವುಗಳನ್ನು ಎಕ್ಸೆಲ್‌ನ ಪಿವೋಟ್ ಟೇಬಲ್‌ಗೆ (ಗುಂಪು ಮಾಡಿ ಎಣಿಸುವ ಸೌಲಭ್ಯಕ್ಕೆ) ಹಾಕಿ, ಪ್ರತಿ ಜೋಡಣೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಿ. 1 ಎಂದು ಬಂದ ಕಡೆಗಳೆಲ್ಲ ಒಬ್ಬೊಬ್ಬರು ಬಯಲಲ್ಲಿ ನಿಂತಿದ್ದಾರೆ ಎಂದೇ ಅರ್ಥ. 412ನೇ ಸಾಲೂ ಅದರಲ್ಲಿರಬಹುದು. ಕನಿಷ್ಠ 5 ಅಥವಾ 10 ಜನ ಒಂದೇ ಥರ ಕಾಣುವವರೆಗೆ ಕಾಲಂಗಳನ್ನು ಒರಟು ಮಾಡುತ್ತಾ ಹೋಗಿ. ಹುಟ್ಟಿದ ದಿನಾಂಕ ಐದು ವರ್ಷದ ಗುಂಪಾಗಲಿ. 85 ದಾಟಿದವರೆಲ್ಲ "85 ಮತ್ತು ಮೇಲ್ಪಟ್ಟು" ಎಂಬ ಒಂದೇ ಗುಂಪಿಗೆ ಸೇರಲಿ. ಊರಿನ ಬದಲು ದೊಡ್ಡ ಪ್ರದೇಶ ಬರಲಿ. ತೀರಾ ಅಪರೂಪದ ಉದ್ಯೋಗ "ಇತರೆ" ಆಗಲಿ.

ಇಷ್ಟಾದರೂ ಒಂದು ತೂತು ಉಳಿಯುತ್ತದೆ. ಒಂದೇ ಥರ ಕಾಣುವ ಐವರಿಗೂ ಅದೇ ಕಾಯಿಲೆ ಇದ್ದರೆ? ಯಾವ ಸಾಲು ಯಾರದು ಎಂದು ಗೊತ್ತಾಗದಿದ್ದರೂ ಕಾಯಿಲೆ ಗೊತ್ತಾಗಿಯೇ ಹೋಯಿತು. ಹಾಗಾಗಿ ಪ್ರತಿ ಗುಂಪಿನೊಳಗೆ ಸೂಕ್ಷ್ಮ ಕಾಲಂನಲ್ಲಿ ಬೇರೆ ಬೇರೆ ಉತ್ತರಗಳು ಇವೆಯೇ ಎಂದೂ ನೋಡಿ.

ಇನ್ನು ಸಂಕೇತಗಳ ವಿಷಯ. ನ್ಯೂಯಾರ್ಕ್ ನಗರದ 2013ರ ಟ್ಯಾಕ್ಸಿ ಪ್ರಯಾಣಗಳ ಫೈಲ್ 2014ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಹೊರಬಂತು. 17 ಕೋಟಿಗೂ ಹೆಚ್ಚು ಪ್ರಯಾಣಗಳು ಅದರಲ್ಲಿದ್ದವು. ಟ್ಯಾಕ್ಸಿ ನಂಬರನ್ನು ಎಂಡಿ5 ಎಂಬ ಸೂತ್ರಕ್ಕೆ ಹಾಕಿ ಅರ್ಥವಾಗದ ಅಕ್ಷರಗಳಾಗಿ ಮಾಡಿದ್ದರು. ಹೀಗೆ ಮಾಡುವುದಕ್ಕೆ ಹ್ಯಾಶ್ ಮಾಡುವುದು ಎನ್ನುತ್ತಾರೆ. ಆದರೆ ಟ್ಯಾಕ್ಸಿ ನಂಬರ್ ಇರಬಹುದಾದ ರೂಪಗಳು ಕೆಲವೇ ಕೆಲವು. ಎಲ್ಲ ನಂಬರನ್ನೂ ಅದೇ ಸೂತ್ರಕ್ಕೆ ಹಾಕಿ ಪಟ್ಟಿ ಮಾಡಿದರೆ ಮುಗಿಯಿತು, ಯಾವುದು ಯಾವುದು ಎಂದು ಗೊತ್ತಾಗುತ್ತದೆ. ಒಬ್ಬ ಎಂಜಿನಿಯರ್ ಅದನ್ನೇ ಮಾಡಿದರು. ಫೋನ್ ನಂಬರ್, ಗುರುತಿನ ಚೀಟಿ ನಂಬರ್, ವಾಹನದ ನಂಬರ್ ಯಾವುದಕ್ಕೂ ಹೀಗೆ ನೇರವಾಗಿ ಹ್ಯಾಶ್ ಮಾಡಿ ನೆಮ್ಮದಿಯಾಗಿರಬೇಡಿ. ಮೂಲಕ್ಕೆ ಸಂಬಂಧವೇ ಇಲ್ಲದ ಹೊಸ ಸಂಖ್ಯೆಯನ್ನು ಮನಬಂದಂತೆ ಕೊಡಿ, ಸಾಲುಗಳ ಕ್ರಮವನ್ನೂ ಕಲಸಿ. ಮೂಲ ನಂಬರನ್ನೂ ಹೊಸ ಸಂಖ್ಯೆಯನ್ನೂ ಜೋಡಿಸುವ ಪಟ್ಟಿ ಬೇಡವಾದ ದಿನ ಅಳಿಸಿಬಿಡಿ.

ದಿನಾಂಕಗಳ ನಡುವಿನ ಅಂತರ ನಿಮ್ಮ ಲೆಕ್ಕಕ್ಕೆ ಬೇಕು, ದಿನಾಂಕ ಬೇಡ ಅಂದುಕೊಳ್ಳಿ. ಒಬ್ಬೊಬ್ಬರ ಎಲ್ಲ ದಿನಾಂಕಗಳನ್ನೂ ಅವರಿಗೇ ಬೇರೆಯಾದ ಒಂದು ಸಂಖ್ಯೆಯಷ್ಟು ದಿನ ಹಿಂದೆ ಮುಂದೆ ಸರಿಸಬಹುದು. ಅಂತರ ಹಾಗೇ ಉಳಿಯುತ್ತದೆ, ನಿಜವಾದ ದಿನ ಮರೆಯಾಗುತ್ತದೆ.

ಜನರು ತಮ್ಮ ಮಾತಲ್ಲಿ ಬರೆದ ಕಾಲಂ ಇದ್ದರೆ ನನ್ನ ಸಲಹೆ ಒಂದೇ. ಅದನ್ನು ಹಂಚಬೇಡಿ. "ಇತರೆ ವಿವರ" ಎಂಬ ಕಾಲಂನಲ್ಲಿ ಜನ ನೆರೆಯವರ ಹೆಸರು ಬರೆದಿರುತ್ತಾರೆ, ಫೋನ್ ನಂಬರ್ ಕೊಟ್ಟಿರುತ್ತಾರೆ, ಮನೆಯೊಳಗಿನ ಕಷ್ಟ ಹೇಳಿಕೊಂಡಿರುತ್ತಾರೆ. 2006ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ 2 ಕೋಟಿಯಷ್ಟು ಹುಡುಕಾಟದ ಪದಗಳನ್ನು ಸಂಶೋಧಕರಿಗೆಂದು ಬಿಡುಗಡೆ ಮಾಡಿತು. ಹೆಸರಿನ ಬದಲು ಅಂಕಿ ಹಾಕಿತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಬರೀ ಆ ಪದಗಳನ್ನು ಓದಿಕೊಂಡೇ ಒಬ್ಬ ಮಹಿಳೆಯ ಮನೆ ಬಾಗಿಲಿಗೆ ಹೋಗಿ ನಿಂತರು.

ಬರೀ ಒಟ್ಟು ಲೆಕ್ಕ ಕೊಡುತ್ತೇವೆ, ನಮಗೇನು ಭಯ ಎನ್ನುವವರೂ ಇದ್ದಾರೆ. ಅಲ್ಲೂ ಜೋಪಾನ ಬೇಕು. ಒಂದು ಪ್ರದೇಶದಲ್ಲಿ ಒಂದು ಕಾಯಿಲೆ ಇರುವವರು 2 ಎಂದು ಕೋಷ್ಟಕದಲ್ಲಿ ಬಂದರೆ ಅಲ್ಲಿಯವರಿಗೆ ಆ ಇಬ್ಬರು ಯಾರು ಎಂದು ತಿಳಿಯಲು ಹೊತ್ತು ಬೇಕಿಲ್ಲ. ಕೋಷ್ಟಕದಲ್ಲಿ ಸಣ್ಣ ಸಂಖ್ಯೆ ಇರುವ ಮನೆಗಳನ್ನು (ಸೆಲ್‌ಗಳನ್ನು) ಮುಚ್ಚಿ. ಆದರೆ ಒಂದನ್ನು ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ. ಸಾಲಿನ ಒಟ್ಟು 40, ಉಳಿದೆರಡು ಮನೆಗಳಲ್ಲಿ 21 ಮತ್ತು 16 ಇದ್ದರೆ ಮುಚ್ಚಿದ್ದು 3 ಎಂದು ಯಾರು ಬೇಕಾದರೂ ಕಳೆದು ಹೇಳುತ್ತಾರೆ, ಅಲ್ವಾ? ಹಾಗಾಗಿ ಇನ್ನೊಂದು ಮನೆಯನ್ನೂ ಮುಚ್ಚಬೇಕು, ಇಲ್ಲವೇ ಗುಂಪುಗಳನ್ನು ಸೇರಿಸಬೇಕು. ಕಳೆದ ತಿಂಗಳ ಕೋಷ್ಟಕ, ಈ ತಿಂಗಳ ಕೋಷ್ಟಕ ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆದಾಗಲೂ ಹೀಗೇ ಒಬ್ಬರು ಸಿಕ್ಕಿಬೀಳಬಹುದು. ನೀವು ಹಿಂದೆ ಹಂಚಿದ್ದನ್ನೆಲ್ಲ ಮುಂದಿಟ್ಟುಕೊಂಡೇ ಹೊಸದನ್ನು ಪರೀಕ್ಷೆ ಮಾಡಿ.

ಇದಕ್ಕೆ ಗಣಿತದ ಭದ್ರ ಉತ್ತರವೊಂದು 2006ರಲ್ಲಿ ಬಂತು. ಸಿಂಥಿಯಾ ಡ್ವರ್ಕ್ ಮತ್ತು ಜೊತೆಗಾರರು ಕೊಟ್ಟ ಡಿಫರೆನ್ಶಿಯಲ್ ಪ್ರೈವಸಿ. ಉತ್ತರಗಳಿಗೆ ಅಳತೆ ಮಾಡಿದಷ್ಟು ಗದ್ದಲ, ಅಂದರೆ ಅಂಕಿಯಲ್ಲಿ ಮನಬಂದಂಥ ಏರುಪೇರು, ಬೆರೆಸುವುದು ಅದರ ತಿರುಳು. ಒಬ್ಬ ವ್ಯಕ್ತಿ ಪಟ್ಟಿಯಲ್ಲಿದ್ದರೂ ಇಲ್ಲದಿದ್ದರೂ ಉತ್ತರ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಅಮೆರಿಕದ 2020ರ ಜನಗಣತಿ ಇದನ್ನೇ ಬಳಸಿತು. ಸಣ್ಣ ಫೈಲ್‌ಗೆ ಇದು ಹೊಂದುವುದು ಕಷ್ಟ. ಬೆರೆಸಿದ ಗದ್ದಲವೇ ನಿಜವಾದ ಅಂಕಿಯನ್ನು ಮುಳುಗಿಸಿಬಿಡುತ್ತದೆ. ನೂರಾರು ಸಾಲುಗಳ ಸಮೀಕ್ಷೆ ಮಾಡಿದವರಿಗೆ ಮೇಲೆ ಹೇಳಿದ ಎಣಿಕೆ ಮತ್ತು ಒರಟು ಮಾಡುವ ಕೆಲಸವೇ ಸಾಕು ಎಂಬುದು ನನ್ನ ಅಭಿಪ್ರಾಯ.

ಜಾಗದ ಮಾಹಿತಿ ಬಗ್ಗೆ ಇನ್ನೊಂದು ಮಾತು. ವ್ಯಾಯಾಮದ ಆ್ಯಪ್ ಸ್ಟ್ರಾವಾ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ ಜಗತ್ತಿನ ಒಂದು ನಕ್ಷೆ ಪ್ರಕಟಿಸಿತು. ಯಾವ ದಾರಿ ಯಾರದು ಎಂಬುದು ಅದರಲ್ಲಿ ಇರಲಿಲ್ಲ. 2018ರ ಜನವರಿಯಲ್ಲಿ ಜನ ಗಮನಿಸಿದರು. ಕತ್ತಲೆಯ ಮರುಭೂಮಿಯ ನಡುವೆ ಮಿನುಗುತ್ತಿದ್ದ ಗೆರೆಗಳು ಸೇನಾ ನೆಲೆಗಳದ್ದಾಗಿದ್ದವು. ವ್ಯಕ್ತಿಯ ಗುರುತು ಸಿಗದಿದ್ದರೂ ಒಂದು ಗುಂಪು ಬಯಲಾಗಬಹುದು. ಒಂದು ಸಮುದಾಯ, ಒಂದು ಆಶ್ರಯ ಮನೆ, ಅಪರೂಪದ ಪ್ರಾಣಿಯ ಗೂಡು ಎಲ್ಲಕ್ಕೂ ಇದೇ ಅಪಾಯ.

ಕೊನೆಗೆ, ಈ ಕೆಲಸದಲ್ಲಿ ಇಲ್ಲದ ಒಬ್ಬ ಗೆಳೆಯರಿಗೆ ಫೈಲ್ ಕೊಡಿ. ಅದನ್ನು ಗುಟ್ಟಾಗಿ ಇಡುವುದಾಗಿ ಅವರು ಮೊದಲೇ ಬರೆದುಕೊಡಲಿ. ಅರ್ಧ ದಿನ, ಒಂದು ಬ್ರೌಸರ್ ಸಾಕು. "ಇದರಲ್ಲಿ ಯಾರನ್ನಾದರೂ ಪತ್ತೆ ಮಾಡಲು ಆಗುತ್ತದಾ ನೋಡಿ" ಎನ್ನಿ. ನೀವು ತಿಂಗಳುಗಟ್ಟಲೆ ನೋಡಿದರೂ ಕಾಣದ್ದು ಅವರಿಗೆ ಕಾಣುತ್ತದೆ. ಹೀಗೆ ಸಿಕ್ಕ ಹೆಸರುಗಳನ್ನು ಎಲ್ಲೂ ಬರೆದಿಡದೆ ಬಿಡಬೇಕು ಎಂದೂ ಹೇಳಿ.

ಫೈಲ್ ಒಳಗೆ ಅಡಗಿರುವುದು

2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್‌ನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಎಕ್ಸೆಲ್ ಫೈಲ್ ಕಳಿಸಿತು. ಕೇಳಿದ್ದು ಯಾವ ದರ್ಜೆಯಲ್ಲಿ ಎಷ್ಟು ಜನ ಎಂಬ ಸಂಖ್ಯೆ ಮಾತ್ರ. ಆದರೆ ಅದೇ ಫೈಲ್‌ನ ಕಣ್ಣಿಗೆ ಕಾಣದ ಇನ್ನೊಂದು ಶೀಟ್‌ನಲ್ಲಿ 9,483 ಪೊಲೀಸರ ಮತ್ತು ಸಿಬ್ಬಂದಿಯ ಮನೆತನದ ಹೆಸರು (ಸರ್‌ನೇಮ್), ದರ್ಜೆ, ಕೆಲಸದ ಜಾಗ ಇತ್ತು. ಪೊಲೀಸ್ ಎಂದು ನೆರೆಯವರಿಗೂ ಹೇಳಿಕೊಳ್ಳದೆ ಬದುಕುವ ಜನ ಅಲ್ಲಿ ಇದ್ದಾರೆ. ಕೆಲವರು ಮನೆ ಬದಲಾಯಿಸಬೇಕಾಯಿತು. 2024ರಲ್ಲಿ ಇಲಾಖೆಗೆ 7.5 ಲಕ್ಷ ಪೌಂಡ್ ದಂಡ ಬಿತ್ತು.

ಹೀಗಾಗದಿರಲು ಸುಲಭದ ದಾರಿ ಇದೆ. ಕೆಲಸ ಮಾಡಿದ ಎಕ್ಸೆಲ್ ಫೈಲನ್ನೇ ಎಂದೂ ಹಂಚಬೇಡಿ. ಬೇಕಾದ ಕೋಷ್ಟಕವನ್ನು ಮಾತ್ರ ಹೊಸ ಸಿಎಸ್‌ವಿ ಫೈಲ್ ಆಗಿ, ಅಂದರೆ ಅಲ್ಪವಿರಾಮದಿಂದ ಬೇರೆ ಮಾಡಿದ ಬರೀ ಅಕ್ಷರಗಳ ಫೈಲ್ ಆಗಿ ಉಳಿಸಿ. ಸಿಎಸ್‌ವಿಯಲ್ಲಿ ಅಡಗಲು ಜಾಗವೇ ಇಲ್ಲ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕಣ್ಣಾರೆ ನೋಡಿ. ವರದಿಯ ವರ್ಡ್ ಫೈಲ್‌ನಲ್ಲಿ ಹಳೆಯ ತಿದ್ದುಪಡಿ, ಟಿಪ್ಪಣಿ ಉಳಿದಿರುತ್ತವೆ. ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರುತ್ತದೆ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರ ಹಾಗೇ ಇರುತ್ತದೆ, ಕಾಪಿ ಮಾಡಿದರೆ ಬರುತ್ತದೆ.

ಡೇಟಾ ಕೆಡಿಸುವುದರಲ್ಲೂ ಎಕ್ಸೆಲ್ ಮುಂದು. ವಂಶವಾಹಿಗಳ ಹೆಸರನ್ನು ಅದು ದಿನಾಂಕ ಮಾಡಿಬಿಡುವ ಕಾಟ ತಾಳಲಾಗದೆ 2020ರಲ್ಲಿ ಮಾರ್ಚ್1 ಎಂಬ ವಂಶವಾಹಿಯ ಹೆಸರನ್ನೇ ಮಾರ್ಚ್‌ಎಫ್1 ಎಂದು ಬದಲಾಯಿಸಲಾಯಿತು. ಅದೇ ವರ್ಷ ಇಂಗ್ಲೆಂಡ್‌ನಲ್ಲಿ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಮಾದರಿಯ ಎಕ್ಸೆಲ್ ಫೈಲ್ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ, ಮಿಕ್ಕಿದ್ದು ಸದ್ದಿಲ್ಲದೆ ಬಿದ್ದುಹೋಯಿತು. ಹಂಚುವ ಮುಂಚೆ ಮೂಲದಲ್ಲಿ ಎಷ್ಟು ಸಾಲು, ಹಂಚುವ ಫೈಲ್‌ನಲ್ಲಿ ಎಷ್ಟು ಸಾಲು ಎಂದು ಎಣಿಸಿ ಬರೆದಿಡಿ. ವ್ಯತ್ಯಾಸ ಇದ್ದರೆ ಕಾರಣವನ್ನೂ ಬರೆಯಿರಿ. ದಿನಾಂಕ 2024-03-05 ಎಂಬಂತೆ ವರ್ಷ ಮೊದಲು ಬರಲಿ. ಫೈಲ್ ಉಳಿಸುವಾಗ ಅಕ್ಷರಗಳಿಗೆ ಯುಟಿಎಫ್-8 ಎಂಬ ಸಂಕೇತ ಪದ್ಧತಿಯನ್ನು ಆರಿಸಿ.

ಡೇಟಾದ ಜೊತೆ ಹೋಗಬೇಕಾದ ಮಾತು

ನಾನೊಮ್ಮೆ ಒಂದು ಕಚೇರಿಯಿಂದ ಸಮೀಕ್ಷೆಯ ಫೈಲ್ ಪಡೆದೆ. ಕಾಲಂಗಳ ಹೆಸರು ಕ್ಯೂ1, ಕ್ಯೂ2 ಎಂದಿದ್ದವು. ಪ್ರಶ್ನೆಗಳ ಪಟ್ಟಿ ಇರಲಿಲ್ಲ. ವಯಸ್ಸಿನ ಕಾಲಂನಲ್ಲಿ 99 ಎಂಬುದು ಮತ್ತೆ ಮತ್ತೆ ಬರುತ್ತಿತ್ತು. ಅದು "ಉತ್ತರ ಇಲ್ಲ" ಎಂಬುದರ ಸಂಕೇತ ಎಂದು ತಿಳಿಯುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಕೇಳಲು ಯಾರ ಹೆಸರೂ ಫೈಲ್ ಜೊತೆ ಇರಲಿಲ್ಲ. ಆ ಜನರು ಹೊತ್ತು ಕೊಟ್ಟು ಹೇಳಿದ ಉತ್ತರಗಳು ಬರೀ ಅಂಕಿಯಾಗಿ ಬಿದ್ದಿದ್ದವು ಎಂಬುದು ಈಗಲೂ ನನಗೆ ಬೇಸರ.

ಹಾಗಾಗಿ ಎರಡು ಪುಟ್ಟ ಕಡತಗಳು ಡೇಟಾ ಜೊತೆ ಇರಲೇಬೇಕು. ಒಂದು, ಪ್ರತಿ ಕಾಲಂನ ಅರ್ಥ, ಅಳತೆ, ಇರಬಹುದಾದ ಉತ್ತರಗಳು, ಉತ್ತರ ಇಲ್ಲದಾಗ ಏನು ಬರೆದಿದೆ ಎಂಬ ಪಟ್ಟಿ. ಇನ್ನೊಂದು ರೀಡ್‌ಮಿ, ಅಂದರೆ ಡೇಟಾ ತೆರೆಯುವ ಮೊದಲು ಓದಬೇಕಾದ ಪರಿಚಯದ ಕಡತ. ನೀವು ಮೊದಲ ದಿನ ಬರೆದ ಪುಟ ಇಲ್ಲಿ ಕೈ ಹಿಡಿಯುತ್ತದೆ. ಅದಕ್ಕೆ ನೀವು ಏನು ತೆಗೆದಿರಿ, ಏನು ಒರಟು ಮಾಡಿದಿರಿ, ಯಾಕೆ ಎಂಬುದನ್ನು ಸೇರಿಸಿ. ಏನು ಮುಚ್ಚಿದ್ದೇವೆ ಎಂದು ಹೇಳಿದರೆ ಓದುಗರು ನಿಮ್ಮನ್ನು ಹೆಚ್ಚು ನಂಬುತ್ತಾರೆ. ತಪ್ಪು ತೀರ್ಮಾನಕ್ಕೆ ಬೀಳುವುದೂ ತಪ್ಪುತ್ತದೆ. ಹೇಳಬಾರದ್ದು ಒಂದೇ, ಮುಚ್ಚಿದ್ದನ್ನು ತೆರೆಯಲು ನೆರವಾಗುವ ವಿವರ. ದಿನಾಂಕ ಸರಿಸಿದ್ದೇವೆ ಎನ್ನಿ, ಯಾರದನ್ನು ಎಷ್ಟು ದಿನ ಎನ್ನಬೇಡಿ.

ರೀಡ್‌ಮಿಯಲ್ಲಿ ನಾನು ಬಹಳ ಮುಖ್ಯ ಎಂದುಕೊಳ್ಳುವುದು ಈ ಡೇಟಾದಲ್ಲಿ ಯಾರು ಇಲ್ಲ ಎಂಬ ವಾಕ್ಯ. ಬಾಸ್ಟನ್ ನಗರ 2012ರಲ್ಲಿ ಸ್ಟ್ರೀಟ್ ಬಂಪ್ ಎಂಬ ಆ್ಯಪ್ ತಂದಿತು. ಕಾರು ಗುಂಡಿಗೆ ಬಿದ್ದಾಗ ಫೋನ್ ತಾನಾಗಿಯೇ ಅದನ್ನು ಗುರುತು ಮಾಡಿಕೊಳ್ಳುತ್ತಿತ್ತು. ಆದರೆ ಸ್ಮಾರ್ಟ್‌ಫೋನ್ ಇರುವವರ ದಾರಿಗಳಿಂದಲೇ ಡೇಟಾ ಬರುವುದು ತಾನೇ? ಬಡವರು, ವಯಸ್ಸಾದವರು ಹೆಚ್ಚಿರುವ ಕಡೆ ಗುಂಡಿಗಳಿದ್ದರೂ ಫೈಲ್‌ನಲ್ಲಿ ಕಾಣದೇ ಹೋಗುವ ಅಪಾಯವಿತ್ತು. ದೂರಿನ ಡೇಟಾ ಎಂದರೆ ದೂರು ಕೊಡಲು ಸಾಧ್ಯವಾದವರ ಡೇಟಾ. ಆಸ್ಪತ್ರೆಯ ಡೇಟಾ ಎಂದರೆ ಆಸ್ಪತ್ರೆಗೆ ಬರಲು ಸಾಧ್ಯವಾದವರದು. ಇದನ್ನು ನೀವೇ ಮೊದಲು ಬರೆಯಿರಿ. ಈ ಫೈಲ್‌ನಿಂದ ಯಾವ ತೀರ್ಮಾನಕ್ಕೆ ಬರಬಾರದು ಎಂದು ಒಂದೆರಡು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ಟಿಮ್ನಿಟ್ ಗೆಬ್ರು ಮತ್ತು ಜೊತೆಗಾರರು 2018ರಲ್ಲಿ ಸೂಚಿಸಿದ "ಡೇಟಾಶೀಟ್" ಎಂಬ ಪ್ರಶ್ನೆಗಳ ಪಟ್ಟಿ ಇಂಥ ಕೆಲಸಕ್ಕೇ ಇದೆ. ಎಲ್ಲ ಪ್ರಶ್ನೆಗೂ ಉತ್ತರಿಸಬೇಕಿಲ್ಲ, ನಿಮಗೆ ಹೊಂದುವುದನ್ನು ಆರಿಸಿಕೊಳ್ಳಿ.

ಲೈಸೆನ್ಸ್ ಮತ್ತು ಇಡುವ ಜಾಗ

ಇದು ಬೇಗ ಮುಗಿಯುವ ಕೆಲಸ. ಲೈಸೆನ್ಸ್ ಬರೆಯದ ಡೇಟಾವನ್ನು ಬಳಸಬಹುದೋ ಇಲ್ಲವೋ ಎಂದು ಪ್ರಾಮಾಣಿಕರು ಹೆದರುತ್ತಾರೆ, ಉಳಿದವರು ಹೇಗೂ ಬಳಸುತ್ತಾರೆ. ನನ್ನ ಹೆಸರು ಹೇಳಿ ಬಳಸಿ ಎಂದಾದರೆ ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಲೈಸೆನ್ಸ್‌ಗಳಲ್ಲಿ ಸಿಸಿ ಬಿವೈ 4.0 ಹಾಕಿ. ಯಾವ ಷರತ್ತೂ ಬೇಡ ಎಂದಾದರೆ ಸಿಸಿ0. ಕೋಡ್‌ಗೆ ಎಂಐಟಿ ಅಥವಾ ಜಿಪಿಎಲ್‌ನಂಥ ಸಾಫ್ಟ್‌ವೇರ್ ಲೈಸೆನ್ಸ್ ಬೇರೆಯಾಗಿ ಹಾಕಿ. ಬೇರೆಯವರ ಡೇಟಾ ಬೆರೆಸಿದ್ದರೆ ಅವರ ಷರತ್ತು ನಿಮಗೂ ಅನ್ವಯ. ಜನರೇ ಸೇರಿ ಮಾಡುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದುಕೊಂಡು ಹೊಸ ಡೇಟಾಬೇಸ್ ಮಾಡಿ ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು.

ಸ್ವಂತ ವೆಬ್‌ಸೈಟ್ ಅಥವಾ ಡ್ರೈವ್ ಲಿಂಕ್ ಕೆಲವು ವರ್ಷಕ್ಕೆ ಸತ್ತುಹೋಗುತ್ತದೆ. ಜೆನೋಡೋದಂಥ ಭಂಡಾರದಲ್ಲಿ ಇಡಿ. ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸಿಇಆರ್‌ಎನ್ (ಸರ್ನ್) ನಡೆಸುವ ಇದು 2013ರಿಂದ ಇದೆ, ಹಣ ಕೊಡಬೇಕಿಲ್ಲ. ಅಲ್ಲಿ ಡಿಒಐ ಎಂಬ ಬದಲಾಗದ ಗುರುತಿನ ಸಂಖ್ಯೆ ಸಿಗುತ್ತದೆ, ಪ್ರತಿ ಆವೃತ್ತಿಗೂ ಬೇರೆ ಸಂಖ್ಯೆ. ಫೈಲನ್ನು ಎಲ್ಲರಿಗೂ ಕೊಡಲು ಆಗದಿದ್ದರೂ ಅದರ ವಿವರಣೆಯ ಪುಟವನ್ನು ತೆರೆದಿಡಬಹುದು. ಹೀಗೊಂದು ಡೇಟಾ ಇದೆ, ಕೇಳಬೇಕಾದವರು ಇವರು ಎಂದು ಗೊತ್ತಾದರೂ ಸಾಕು. 2016ರಲ್ಲಿ ಬಂದ ಫೇರ್ ತತ್ವಗಳು ಹೇಳುವುದೂ ಇದನ್ನೇ. ಡೇಟಾ ಹುಡುಕಿದರೆ ಸಿಗಬೇಕು, ಪಡೆಯುವ ದಾರಿ ಸ್ಪಷ್ಟವಿರಬೇಕು. ಎಲ್ಲವೂ ತೆರೆದೇ ಇರಬೇಕು ಎಂದು ಅವು ಹೇಳುವುದಿಲ್ಲ.

ಕೊಟ್ಟವರಿಗೆ ತಲುಪಿಸುವುದು

ಡೇಟಾ ಕೊಟ್ಟ ಜನರೇ ಕೊನೆಗೆ ಓದಲಾರದ ಭಾಷೆಯಲ್ಲಿ, ಕೊಳ್ಳಲಾರದ ಪತ್ರಿಕೆಯಲ್ಲಿ ಅವರ ಬಗ್ಗೆ ಪ್ರಕಟವಾಗುವುದನ್ನು ಎಷ್ಟು ಸಲ ನೋಡಿದ್ದೇನೋ. ಬುಡಕಟ್ಟು ಸಮುದಾಯಗಳ ಸಂಶೋಧಕರು ಮುಂದೆ ನಿಂತು 2019ರಲ್ಲಿ ಕೇರ್ ತತ್ವಗಳನ್ನು ಕೊಟ್ಟದ್ದು ಇದಕ್ಕೇ. ಸಮುದಾಯಕ್ಕೆ ಒಳಿತಾಗಬೇಕು, ತೀರ್ಮಾನದಲ್ಲಿ ಅವರ ಮಾತು ನಡೆಯಬೇಕು ಎಂದು ಅವು ಕೇಳುತ್ತವೆ.

ಪ್ರಕಟಿಸುವ ಎರಡು ಮೂರು ವಾರ ಮುಂಚೆ, ಅವರ ಭಾಷೆಯಲ್ಲಿ ಎರಡು ಪುಟದ ಸಾರಾಂಶ ಬರೆದು ಆ ಗುಂಪಿನ ಕೆಲವರಿಗೆ ಓದಿ ಹೇಳಿ. ಯಾವ ಸಾಲು ಅವರಿಗೆ ಚುಚ್ಚುತ್ತದೆ, ಯಾವುದು ತಪ್ಪು, ಯಾವ ಅಂಕಿ ನಾಳೆ ಅವರ ವಿರುದ್ಧ ಬಳಕೆಯಾಗಬಹುದು ಎಂದು ಕೇಳಿ. ಅವರು ಹೇಳಿದ್ದಕ್ಕೆಲ್ಲ ಫಲಿತಾಂಶ ಬದಲಿಸಬೇಕಿಲ್ಲ. ಆದರೆ ವಿವರಣೆ ಖಂಡಿತ ಬದಲಾಗುತ್ತದೆ. "ಈ ಪ್ರದೇಶದಲ್ಲಿ ಶಾಲೆ ಬಿಟ್ಟವರು ಹೆಚ್ಚು" ಎಂದು ಬರೆದಿದ್ದೀರಿ ಅಂದುಕೊಳ್ಳಿ. ಅಲ್ಲಿಂದ ಶಾಲೆ ಎಷ್ಟು ದೂರ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಬೇಕು ಎಂದು ಅವರು ನೆನಪಿಸುತ್ತಾರೆ.

ಹಂಚಿದ ಮೇಲಿನ ಕೆಲಸ

ರೀಡ್‌ಮಿಯಲ್ಲಿ ಒಂದು ಇಮೇಲ್ ವಿಳಾಸ ಇರಲಿ. ಅದನ್ನು ಯಾರು ನೋಡುತ್ತಾರೆ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತಾರೆ ಎಂದೂ ಬರೆಯಿರಿ. ಯಾರಾದರೂ ತಪ್ಪು ತೋರಿಸಿದರೆ ಹಳೆಯ ಫೈಲನ್ನು ಗುಟ್ಟಾಗಿ ಬದಲಾಯಿಸಬೇಡಿ. ಹೊಸ ಆವೃತ್ತಿ ಹಾಕಿ, ಏನು ಬದಲಾಯಿತು ಎಂದು ತಾರೀಖಿನ ಜೊತೆ ಬರೆಯಿರಿ. ಹಳೆಯದನ್ನು ನಂಬಿ ಕೆಲಸ ಮಾಡಿದವರಿಗೆ ತಿಳಿಯಬೇಕಲ್ಲ.

ಯಾರದೋ ಗುರುತು ಬಯಲಾಗಿದೆ ಎಂದು ಗೊತ್ತಾದರೆ ಮಾತ್ರ ಕ್ರಮ ಬೇರೆ. ಮೊದಲು ಫೈಲ್ ಇಳಿಸಿ, ಆಮೇಲೆ ಚರ್ಚೆ. ಹಳೆಯ ಆವೃತ್ತಿಗಳನ್ನೂ ಇಳಿಸಿ. ಭಂಡಾರದವರಿಗೆ ಬರೆಯಿರಿ. ಡೌನ್‌ಲೋಡ್ ಮಾಡಿಕೊಂಡವರು ಗೊತ್ತಿದ್ದರೆ ಅಳಿಸಿ ಎಂದು ಕೇಳಿ. ಆ ವ್ಯಕ್ತಿಗೆ ತಿಳಿಸಿ, ನೇರವಾಗಿ, ಸುತ್ತಿ ಬಳಸದೆ. ಕಾನೂನು ಯಾವ ಕಚೇರಿಗೆ ತಿಳಿಸಬೇಕು ಎನ್ನುತ್ತದೋ ಅಲ್ಲಿಗೂ ತಿಳಿಸಿ. ಜಿಡಿಪಿಆರ್ ಇರುವ ಕಡೆ ಅದಕ್ಕೆ 72 ಗಂಟೆಯ ಗಡುವು ಇದೆ. ಈ ಎಲ್ಲ ವಿಳಾಸಗಳನ್ನು ಹಂಚುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಟ್ಟಿರಬೇಕು. ಆ ಗಳಿಗೆಯಲ್ಲಿ ಹುಡುಕುತ್ತಾ ಕೂತರೆ ಆಗುವುದಿಲ್ಲ.

ಉಳಿದದ್ದು ನಿಮ್ಮ ಬಳಿಯೇ ಇರುವ ಮೂಲ ಫೈಲ್. ಹೆಸರು, ವಿಳಾಸ ಎಲ್ಲ ಇರುವ ಅದು ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಪೆನ್‌ಡ್ರೈವ್‌ನಲ್ಲಿ, ಯಾರೋ ಕಳಿಸಿದ ಇಮೇಲ್‌ನ ಅಟ್ಯಾಚ್‌ಮೆಂಟ್‌ನಲ್ಲಿ ಇನ್ನೂ ಇರುತ್ತದೆ. ಎಷ್ಟು ವರ್ಷ ಇಡಬೇಕು ಎಂದು ನಿಮ್ಮ ಸಂಸ್ಥೆಯ ನಿಯಮ ಹೇಳುತ್ತದೋ ನೋಡಿ, ಅಳಿಸುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಹಾಕಿ. ಆ ದಿನ ಬಂದಾಗ ಎಲ್ಲ ಪ್ರತಿಗಳನ್ನೂ ಹುಡುಕಿ ಅಳಿಸಿ. 412ನೇ ಸಾಲಿನವರ ಹೆಸರು ಇನ್ನು ನಿಮ್ಮ ಬಳಿ ಇಲ್ಲ ಎಂದು, ತಾರೀಖು ಹಾಕಿ, ರೀಡ್‌ಮಿಯ ಕೊನೆಯಲ್ಲಿ ಬರೆಯಿರಿ.